ಬೀಗ ಬಯಲಲ್ಲಿರಲಿ, ಕೀಲಿಕೈ ಕಿಸೆಯಲ್ಲಿರಲಿ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಹೊಸ ಮೊಬೈಲ್ ಒಯ್ದಿದ್ದೆ. ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಈಗ ನಿಂಬೆಹಣ್ಣಿನ ದರ, ಬ್ಯಾಂಕಿನ ಮೆಸೇಜು, ಪುಣೆಯಲ್ಲಿರುವ ಮೊಮ್ಮಗಳ ಮುಖ ಎಲ್ಲವೂ ಬರುವುದು ಅದೊಂದೇ ಕಿಂಡಿಯಿಂದ. ವಾಟ್ಸ್‌ಆ್ಯಪ್ ಹಾಕಿಕೊಟ್ಟು ಮೊದಲ ಚಾಟ್ ತೆರೆದೆ. ಮೇಲೆ ಬೀಗದ ಸಣ್ಣ ಚಿತ್ರ, ಪಕ್ಕದಲ್ಲಿ ಈ ಮಾತುಕತೆ ಎನ್‌ಕ್ರಿಪ್ಟ್ ಆಗಿದೆ ಎಂಬ ಸಾಲು. ಅಪ್ಪ ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿದರು.

“ಕೀಲಿ ಹಾಕ್ಯಾರಂತ ಬರದಾರಲ್ಲೊ ತಮ್ಮಾ. ಕೀಲಿಕೈ ಯಾರ ಕಡಿ ಐತಿ?”

“ನಿನ್ನ ಫೋನಿನ್ಯಾಗ ಒಂದು, ನನ್ನ ಫೋನಿನ್ಯಾಗ ಒಂದು. ನಡುವ ಇದ್ದವರ ಕಡಿ ಇಲ್ಲಪ್ಪಾ.”

“ಆತು. ಕೀಲಿ ಚಲೋ ಐತಂತ ನೋಡಿದವರು ಯಾರು?”

ನಾನು ಪುಣೆಗೆ ಬಂದು ಹದಿನೇಳು ವರ್ಷವಾಯಿತು. ಹಿಂಜವಡಿಯಲ್ಲಿ ಹಣ ಪಾವತಿಯ ಸಾಫ್ಟ್‌ವೇರ್ ಮಾಡುವುದೇ ನನ್ನ ಹೊಟ್ಟೆಪಾಡು. ದಿನವೂ ಎನ್‌ಕ್ರಿಪ್ಷನ್ ಜೊತೆಗೇ ಏಗುವವನು. ಆದರೂ ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಏಕೆಂದರೆ ಅದು ಗಣಿತದ ಪ್ರಶ್ನೆ ಮಾತ್ರ ಆಗಿರಲಿಲ್ಲ. ನಂಬಿಕೆಯ ಪ್ರಶ್ನೆಯೂ ಆಗಿತ್ತು. ಯಾವ ಬೀಗ ಬಳಸಬೇಕು ಎಂದು ಸರ್ಕಾರವೊಂದು ನಿಗದಿ ಮಾಡುವಾಗ ಆ ಬೀಗವನ್ನು ಯಾರು ನೋಡಿರುತ್ತಾರೆ? ಯಾರಿಗೆ ನೋಡಲು ಬಿಟ್ಟಿರುತ್ತಾರೆ?

ದನದ ಸಂತೆಯ ಪಾಠ

ಅಪ್ಪನಿಗೆ ಅರ್ಥವಾಗುವ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಆ ಹೊತ್ತಿಗೆ ಸೇರುವ ದನದ ಸಂತೆಗೆ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗುತ್ತಿದ್ದೆ. ಖಿಲಾರಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಗೊರಸು ಎತ್ತಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಕೊಳ್ಳುವವನೇ ಆಗಬೇಕೆಂದಿಲ್ಲ, ದಾರಿಹೋಕನೂ ಬಂದು “ಇದರ ಬಲಗಾಲು ಎಳಿತೈತಿ ನೋಡ್ರಿ” ಎಂದು ಹೇಳಿ ಹೋಗುತ್ತಾನೆ. ಆದರೆ ದರದ ಮಾತು ಬಂದಾಗ ಮಾತ್ರ ದಲ್ಲಾಳಿ ಕೈಮೇಲೆ ಟವೆಲ್ ಹಾಕುತ್ತಾನೆ. ಟವೆಲ್ ಕೆಳಗೆ ಬೆರಳು ಹಿಡಿದು ವ್ಯವಹಾರ. ಆ ಲೆಕ್ಕ ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ತಿಳಿಯುವುದಿಲ್ಲ.

ಎನ್‌ಕ್ರಿಪ್ಷನ್‌ನ ಮೂಲ ನಿಯಮವೂ ಹೆಚ್ಚುಕಡಿಮೆ ಇದೇ. ಎತ್ತು ಎಲ್ಲರ ಮುಂದೆ ನಿಂತಿರಬೇಕು. ಗುಟ್ಟು ಟವೆಲ್ ಕೆಳಗಿನ ಬೆರಳಲ್ಲಿ ಮಾತ್ರ. ಬೀಗದ ವಿನ್ಯಾಸ ಶತ್ರುವಿನ ಕೈಗೆ ಸಿಕ್ಕರೂ ಬೀಗ ಗಟ್ಟಿಯಾಗಿಯೇ ಉಳಿಯಬೇಕು, ಗುಟ್ಟಾಗಿರಬೇಕಾದ್ದು ಕೀಲಿಕೈ ಒಂದೇ ಎಂದು ಆಗುಸ್ಟ್ ಕೆರ್ಕಾಫ್ಸ್ ಎಂಬ ಡಚ್ ಮೂಲದ ಪ್ರಾಧ್ಯಾಪಕ 1883ರಲ್ಲೇ ಬರೆದಿದ್ದ. ಅವನು ಬರೆದದ್ದು ಸೈನ್ಯದ ಸಂದೇಶಗಳ ಬಗ್ಗೆ. ಇವತ್ತು ಅದೇ ಮಾತು ನಮ್ಮ ಯುಪಿಐ, ನೆಟ್‌ಬ್ಯಾಂಕಿಂಗ್, ಆಸ್ಪತ್ರೆಯ ದಾಖಲೆ ಎಲ್ಲಕ್ಕೂ ಅನ್ವಯ.

ಕೆಲವು ವರ್ಷಗಳ ಹಿಂದೆ ನಮ್ಮ ಆಫೀಸಿಗೆ ಒಂದು ಕಂಪನಿಯವರು ಸುರಕ್ಷತಾ ಸಾಫ್ಟ್‌ವೇರ್ ಮಾರಲು ಬಂದಿದ್ದರು. ಸೈನ್ಯಕ್ಕೆ ಸರಿಸಮನಾದ ಎನ್‌ಕ್ರಿಪ್ಷನ್ ಎಂದು ಹೊಗಳಿದ್ದೇ ಹೊಗಳಿದ್ದು. ಅಲ್ಗಾರಿದಮ್ ಯಾವುದು ಎಂದು ಕೇಳಿದರೆ “ಅದು ನಮ್ಮ ಗುಟ್ಟು” ಎಂದರು. ಪಕ್ಕದಲ್ಲಿದ್ದ ನಮ್ಮ ಮರಾಠಿ ಸೀನಿಯರ್ ಲ್ಯಾಪ್‌ಟಾಪ್ ಮುಚ್ಚಿ, “ಆಧೀ ಕುಲೂಪ್ ದಾಖವಾ” ಎಂದರು. ಮೊದಲು ಬೀಗ ತೋರಿಸಿ ಅಂತ. ಅವರು ತೋರಿಸಲಿಲ್ಲ, ನಾವು ಕೊಳ್ಳಲಿಲ್ಲ. ಅಂಗಡಿಯವನಿಗೆ ಹೀಗೆ ಹೇಳಿ ಕಳಿಸಬಹುದು. ಸರ್ಕಾರವೇ ಬೀಗ ನಿಗದಿ ಮಾಡಿದರೆ ಬೇಡ ಎನ್ನುವ ಅವಕಾಶ ನಮಗಿರುವುದಿಲ್ಲ. ಅಲ್ಲೇ ತೊಡಕಿರುವುದು.

ಗಣೇಶೋತ್ಸವದ ನಡುವೆ ಬಂದ ಕರಡು

ಈ ತೊಡಕು ನಮ್ಮ ದೇಶದಲ್ಲಿ ಒಮ್ಮೆ ಕಣ್ಣೆದುರೇ ಬಂದು ನಿಂತಿತ್ತು. 2015ರ ಸೆಪ್ಟೆಂಬರ್. ಪುಣೆಯಲ್ಲಿ ಗಣೇಶೋತ್ಸವದ ಸಂಭ್ರಮ, ರಸ್ತೆ ತುಂಬ ಢೋಲ್ ತಾಶಾ. ಆ ವಾರವೇ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಇಲಾಖೆ ರಾಷ್ಟ್ರೀಯ ಎನ್‌ಕ್ರಿಪ್ಷನ್ ನೀತಿಯ ಕರಡನ್ನು ಜನರ ಅಭಿಪ್ರಾಯಕ್ಕೆ ಬಿಟ್ಟಿತು. ಅಭಿಪ್ರಾಯ ತಿಳಿಸಲು ಅಕ್ಟೋಬರ್ 16ರವರೆಗೆ ಸಮಯವಿತ್ತು. ಕರಡು ಅಷ್ಟು ದಿನ ಬದುಕಲಿಲ್ಲ.

ಅದಕ್ಕೆ ಕಾನೂನಿನ ಆಧಾರ ಇತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ 84ಎ ಎಂಬ ಸೆಕ್ಷನ್ ಸೇರಿತು. ಎನ್‌ಕ್ರಿಪ್ಷನ್‌ನ ವಿಧಾನಗಳನ್ನು ಕೇಂದ್ರ ಸರ್ಕಾರ ನಿಗದಿ ಮಾಡಬಹುದು ಎಂದು ಅದು ಹೇಳುತ್ತದೆ. ಉದ್ದೇಶವೂ ಅಲ್ಲೇ ಇದೆ: ಎಲೆಕ್ಟ್ರಾನಿಕ್ ಮಾಧ್ಯಮದ ಸುರಕ್ಷಿತ ಬಳಕೆ, ಇ-ಆಡಳಿತ ಮತ್ತು ಇ-ವಾಣಿಜ್ಯದ ಬೆಳವಣಿಗೆ.

ಕರಡಿನಲ್ಲಿದ್ದ ಮಾತು ಬೇರೆ ದಿಕ್ಕಿಗೆ ಹೋಗಿತ್ತು. ಸಂಸ್ಥೆಗಳೂ ಸಾಮಾನ್ಯ ನಾಗರಿಕರೂ ಎನ್‌ಕ್ರಿಪ್ಟ್ ಮಾಡಿ ಕಳಿಸಿದ್ದನ್ನು ಬೀಗ ತೆಗೆದ ರೂಪದಲ್ಲಿ 90 ದಿನ ಇಟ್ಟುಕೊಂಡಿರಬೇಕು, ತನಿಖಾ ಸಂಸ್ಥೆ ಕೇಳಿದಾಗ ಕೊಡಬೇಕು. ಯಾವ ಅಲ್ಗಾರಿದಮ್, ಎಷ್ಟು ಉದ್ದದ ಕೀಲಿ ಎಂಬುದನ್ನು ಸರ್ಕಾರವೇ ಹೇಳುತ್ತದೆ. ಎನ್‌ಕ್ರಿಪ್ಷನ್ ಉತ್ಪನ್ನ ಮಾರುವವರು ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು.

ಸೋಮವಾರ ನಮ್ಮ ಕ್ಯಾಂಟೀನಿನಲ್ಲಿ ಚಹಾ ಆರಿಹೋಗುವಷ್ಟು ಚರ್ಚೆ. ಕಾರ್ಡಿನ ಹಿಂದಿನ ಮೂರು ಅಂಕಿಯ ಸಿವಿವಿ ನಮ್ಮ ಸರ್ವರ್‌ನಲ್ಲಿ ಎಲ್ಲೂ ಉಳಿಯಬಾರದು ಎಂಬುದು ಪಾವತಿ ಉದ್ಯಮದ ಕಟ್ಟುನಿಟ್ಟಿನ ನಿಯಮ. ಹಾಗೆ ಉಳಿಯದಂತೆ ನೋಡಿಕೊಳ್ಳಲು ನಾವು ತಿಂಗಳುಗಟ್ಟಲೆ ಬೆವರು ಸುರಿಸಿದ್ದೆವು. ಈಗ ಬೀಗ ತೆಗೆದ ಮಾಹಿತಿಯನ್ನು ಮೂರು ತಿಂಗಳು ಇಡಿ ಎಂದರೆ ಕಳ್ಳನಿಗೆ ಕಣಜದ ಬಾಗಿಲು ತೆರೆದಿಟ್ಟ ಹಾಗೆ. ಇನ್ನು ನಮ್ಮ ಅಪ್ಪನಂಥವರು ತಮ್ಮ ಮೆಸೇಜುಗಳ ನಕಲನ್ನು ಎಲ್ಲಿ, ಹೇಗೆ ಇಡಬೇಕಿತ್ತೋ ದೇವರೇ ಬಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಕರಡಿನ ಕೊನೆಯ ಭಾಗ. ಅಲ್ಲಿ ಹೆಸರಿಸಿದ್ದ ಅಲ್ಗಾರಿದಮ್‌ಗಳಲ್ಲಿ ಆರ್‌ಸಿ4 ಕೂಡ ಇತ್ತು. ಅದರಲ್ಲಿ ಬಿರುಕುಗಳು ಸಿಕ್ಕಿ, ಇಂಟರ್ನೆಟ್‌ನ ತಾಂತ್ರಿಕ ಮಾನದಂಡ ರೂಪಿಸುವ ಐಇಟಿಎಫ್ ಸುರಕ್ಷಿತ ವೆಬ್ ಸಂಪರ್ಕಗಳಲ್ಲಿ ಅದನ್ನು ಬಳಸಲೇಬಾರದು ಎಂದು ಅದೇ ವರ್ಷದ ಫೆಬ್ರುವರಿಯಲ್ಲಿ ಹೇಳಿತ್ತು. ಏಳು ತಿಂಗಳ ಬಳಿಕ ಅದೇ ಬೀಗ ನಮ್ಮ ರಾಷ್ಟ್ರೀಯ ಕರಡಿನಲ್ಲಿ. ಅದನ್ನು ಏಕೆ ಆರಿಸಿದರು ಎಂಬುದಕ್ಕೆ ಒಂದು ಸಾಲಿನ ವಿವರಣೆಯೂ ಇರಲಿಲ್ಲ. ಕೆಟ್ಟ ಉದ್ದೇಶ ಇತ್ತೆಂದು ನಾನು ಹೇಳುತ್ತಿಲ್ಲ. ಕಾರಣ ಬರೆಯಬೇಕಾಗಿ ಬಂದಿದ್ದರೆ ಬರೆಯುವ ಹೊತ್ತಿನಲ್ಲೇ ಯಾರಿಗಾದರೂ ತಪ್ಪು ಹೊಳೆಯುತ್ತಿತ್ತು ಎನ್ನುತ್ತಿದ್ದೇನೆ.

ಟೀಕೆ ಜೋರಾದ ಮೇಲೆ ವಾಟ್ಸ್‌ಆ್ಯಪ್, ಫೇಸ್‌ಬುಕ್, ಟ್ವಿಟರ್, ನೆಟ್‌ಬ್ಯಾಂಕಿಂಗ್ ಇವಕ್ಕೆಲ್ಲ ವಿನಾಯಿತಿ ಎಂಬ ಸ್ಪಷ್ಟೀಕರಣ ಬಂತು. ಸೆಪ್ಟೆಂಬರ್ 22ರ ಮಂಗಳವಾರ, ಆಗಿನ ಸಚಿವ ರವಿಶಂಕರ ಪ್ರಸಾದ್ ಇಡೀ ಕರಡನ್ನೇ ಹಿಂಪಡೆಯುವುದಾಗಿ ಪ್ರಕಟಿಸಿದರು. ಅದು ಸರ್ಕಾರದ ಅಂತಿಮ ನಿಲುವಲ್ಲ, ತಿದ್ದಿ ಮತ್ತೆ ಪ್ರಕಟಿಸುತ್ತೇವೆ ಎಂದರು. ಪುಣೆಯ ಗಣಪತಿಗಳು ನೀರಿಗೆ ಹೋಗುವ ಮೊದಲೇ ಕರಡು ಮುಳುಗಿತ್ತು.

ಈ ಪ್ರಸಂಗದಲ್ಲಿ ಎರಡು ಪಾಠ ಇವೆ. ಕರಡನ್ನು ಜನರ ಮುಂದೆ ಇಟ್ಟದ್ದರಿಂದಲೇ ತಪ್ಪು ಕೆಲವೇ ದಿನಗಳಲ್ಲಿ ಸಿಕ್ಕಿತು. ಇಲಾಖೆ ಮಾಡಿದ ಆ ಒಂದು ಕೆಲಸಕ್ಕೆ ಶಹಬ್ಬಾಸ್ ಹೇಳಬೇಕು. ಎರಡನೆಯದು, ತಿದ್ದಿದ ಕರಡು ನೀತಿಯಾಗಿ ಮತ್ತೆ ಬರಲೇ ಇಲ್ಲ. 84ಎ ಸೆಕ್ಷನ್ ಮಾತ್ರ ಕಾಯ್ದೆಯಲ್ಲಿ ಹಾಗೇ ಕುಳಿತಿದೆ.

40 ಬಿಟ್‌ನ ಕಾಲ

ಅದಕ್ಕೂ ಹಿಂದಿನ ಕಥೆ ಕೇಳಿದರೆ ನಗು ಬರುತ್ತದೆ. ಇಂಟರ್ನೆಟ್ ಸೇವಾ ಕಂಪನಿಗಳಿಗೆ ಕೊಡುತ್ತಿದ್ದ ಹಳೆಯ ಲೈಸೆನ್ಸಿನಲ್ಲಿ, ಅನುಮತಿ ಇಲ್ಲದೆ ಯಾರೂ 40 ಬಿಟ್‌ಗಿಂತ ಉದ್ದದ ಕೀಲಿ ಬಳಸುವಂತಿಲ್ಲ ಎಂಬ ಷರತ್ತಿತ್ತು. 40 ಬಿಟ್ ಅಂದರೆ ಸುಮಾರು 1.1 ಲಕ್ಷ ಕೋಟಿ ಬೇರೆ ಬೇರೆ ಕೀಲಿಕೈಗಳ ಸಾಧ್ಯತೆ. ಕೇಳಲು ದೊಡ್ಡದು, ಕಂಪ್ಯೂಟರಿಗೆ ಚಿಟಿಕೆ. 1997ರಲ್ಲೇ ಅಮೆರಿಕದ ವಿದ್ಯಾರ್ಥಿಯೊಬ್ಬ ವಿಶ್ವವಿದ್ಯಾಲಯದ ಕಂಪ್ಯೂಟರ್‌ಗಳನ್ನು ಒಟ್ಟಿಗೆ ದುಡಿಸಿ ಅಂಥ ಬೀಗವನ್ನು ಮೂರೂವರೆ ಗಂಟೆಯಲ್ಲಿ ಮುರಿದಿದ್ದ.

ಇತ್ತ 2001ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಇಂಟರ್ನೆಟ್ ಬ್ಯಾಂಕಿಂಗ್ ಮಾರ್ಗಸೂಚಿ, ಕನಿಷ್ಠ 128 ಬಿಟ್ ಎನ್‌ಕ್ರಿಪ್ಷನ್ ಬೇಕು ಎಂದಿತು. ಒಂದು ಕಚೇರಿಯ ಕಾಗದ 40 ದಾಟಬೇಡ ಎನ್ನುತ್ತದೆ, ಇನ್ನೊಂದರ ಕಾಗದ 128ಕ್ಕಿಂತ ಇಳಿಯಬೇಡ ಎನ್ನುತ್ತದೆ. ಎರಡೂ ಸರ್ಕಾರಿ ಮಾತೇ. ಒಂದೇ ಮೇಜಿನ ಮೇಲೆ ಎರಡನ್ನೂ ಇಟ್ಟು ಜನರೆದುರು ಚರ್ಚೆ ಮಾಡಿದ್ದರೆ ಇಂಥ ಗೋಜಲು ವರ್ಷಗಟ್ಟಲೆ ಉಳಿಯುತ್ತಿರಲಿಲ್ಲ.

ಮುಚ್ಚಿಟ್ಟರೆ ಒಳ್ಳೆಯದೂ ಅನುಮಾನ

ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. ಅಮೆರಿಕ 1977ರಲ್ಲಿ ಡಿಇಎಸ್ ಎಂಬ ಮಾನದಂಡ ತಂದಿತು. ವಿನ್ಯಾಸ ಐಬಿಎಂ ಕಂಪನಿಯದು. ಆದರೆ ಅಲ್ಲಿನ ಬೇಹುಗಾರಿಕಾ ಸಂಸ್ಥೆ ಎನ್‌ಎಸ್‌ಎ ನಡುವೆ ಕೈಯಾಡಿಸಿತ್ತು. ಒಳಗಿನ ಕೆಲವು ಕೋಷ್ಟಕಗಳು ಹಾಗೇ ಏಕಿವೆ ಎಂಬುದಕ್ಕೆ ಕಾರಣ ಹೇಳಲಿಲ್ಲ. ಅದರಲ್ಲಿ ಕಳ್ಳಬಾಗಿಲು ಇದೆ ಎಂಬ ಅನುಮಾನ ಹತ್ತು ಹದಿನೈದು ವರ್ಷ ಹೊಗೆಯಾಡಿತು. 1990ರ ಸುಮಾರಿಗೆ ಇಬ್ಬರು ಇಸ್ರೇಲಿ ಗಣಿತಜ್ಞರು ಬೀಗ ಮುರಿಯುವ ಹೊಸ ವಿಧಾನ ಪ್ರಕಟಿಸಿದಾಗ ನಿಜ ಹೊರಬಂತು: ಆ ಕೋಷ್ಟಕಗಳು ಆ ದಾಳಿಯನ್ನು ತಡೆಯುವಂತೆಯೇ ರೂಪುಗೊಂಡಿದ್ದವು. ಆ ವಿಧಾನ ಒಳಗಿನವರಿಗೆ ಮೊದಲೇ ಗೊತ್ತಿತ್ತು ಎಂದು ಐಬಿಎಂನ ಡಾನ್ ಕಾಪರ್‌ಸ್ಮಿತ್ 1994ರಲ್ಲಿ ಬರೆದರು. ಅಂದರೆ ಮಾಡಿದ್ದು ಒಳ್ಳೆಯ ಕೆಲಸವೇ. ಮುಚ್ಚಿಟ್ಟು ಮಾಡಿದ್ದರಿಂದ ಅಪವಾದ ಅಂಟಿಕೊಂಡಿತು. ಇನ್ನೊಂದು ಕಡೆ ಅದರ 56 ಬಿಟ್ ಕೀಲಿ ಗಿಡ್ಡದಾಯಿತು ಎಂದು ಹೊರಗಿನ ತಜ್ಞರು ಮೊದಲಿನಿಂದಲೂ ಕೂಗುತ್ತಿದ್ದರು. ಅವರ ಮಾತೂ ನಿಜವಾಯಿತು. 1998ರಲ್ಲಿ ಎರಡೂವರೆ ಲಕ್ಷ ಡಾಲರ್ ಒಳಗಿನ ಖರ್ಚಿನಲ್ಲಿ ಕಟ್ಟಿದ ಒಂದು ಯಂತ್ರ ಅದನ್ನು 56 ಗಂಟೆಯಲ್ಲಿ ಒಡೆದು ಹಾಕಿತು.

ಇನ್ನೊಂದು ಕಥೆಯಲ್ಲಿ ಇಂಥ ಸಮಾಧಾನ ಇಲ್ಲ. ಕೀಲಿಕೈ ಕೆತ್ತಲು ಊಹಿಸಲಾಗದ ಸಂಖ್ಯೆಗಳು ಬೇಕು. ಅವನ್ನು ಹುಟ್ಟಿಸುವ ಡ್ಯುಯಲ್ ಇಸಿ ಎಂಬ ವಿಧಾನವನ್ನು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2006ರಲ್ಲಿ ಸೇರಿಸಿತು. ಅದರಲ್ಲಿ ಎರಡು ದೊಡ್ಡ ಅಂಕಿಗಳು ಎಲ್ಲಿಂದ ಬಂದವು ಎಂಬ ವಿವರಣೆ ಇರಲಿಲ್ಲ. ಅವುಗಳ ನಡುವಿನ ಗುಪ್ತ ಸಂಬಂಧ ತಿಳಿದವನು ಮುಂದಿನ ಸಂಖ್ಯೆಗಳನ್ನು ಮೊದಲೇ ಹೇಳಬಲ್ಲ ಎಂದು ಮೈಕ್ರೋಸಾಫ್ಟ್‌ನ ಇಬ್ಬರು ಎಂಜಿನಿಯರ್‌ಗಳು ಮರುವರ್ಷವೇ ತೋರಿಸಿದರು. ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳ ವರದಿ ಬಂದ ಮೇಲೆ ನಿಸ್ಟ್ ತಾನೇ ಅದನ್ನು ಬಳಸಬೇಡಿ ಎಂದಿತು, ಮತ್ತೆ ಜನರ ಅಭಿಪ್ರಾಯ ಕೇಳಿತು, 2014ರಲ್ಲಿ ಮಾನದಂಡದಿಂದ ತೆಗೆದುಹಾಕಿತು. ಅಂಕಿ ಎಲ್ಲಿಂದ ಬಂತು ಎಂಬ ಒಂದು ಪ್ರಶ್ನೆಗೆ ಆರಂಭದಲ್ಲೇ ಉತ್ತರ ಕೊಟ್ಟಿದ್ದರೆ ಈ ಮರ್ಯಾದೆಗೇಡು ತಪ್ಪುತ್ತಿತ್ತು.

ಎಲ್ಲರೆದುರು ಒರೆಗೆ ಹಚ್ಚಿದ ಚಿನ್ನ

ಸರಿಯಾದ ದಾರಿಯೂ ಅದೇ ಸಂಸ್ಥೆಯಲ್ಲಿ ಸಿಗುತ್ತದೆ. ಡಿಇಎಸ್ ಹಳತಾದಾಗ 1997ರಲ್ಲಿ ನಿಸ್ಟ್ ಜಗತ್ತಿಗೇ ಕರೆ ಕೊಟ್ಟಿತು: ನಿಮ್ಮ ಬೀಗ ತನ್ನಿ, ಎಲ್ಲರೂ ಎಲ್ಲರದನ್ನೂ ಮುರಿಯಲು ನೋಡಿ. ಹದಿನೈದು ಬೀಗಗಳು ಕಣಕ್ಕಿಳಿದವು. ಬಹಿರಂಗ ಸಮ್ಮೇಳನಗಳಲ್ಲಿ ಒಬ್ಬರು ಇನ್ನೊಬ್ಬರ ವಿನ್ಯಾಸದ ಹುಳುಕು ಎತ್ತಿ ಆಡಿದರು. ಐದು ಉಳಿದವು. 2000ದ ಅಕ್ಟೋಬರ್‌ನಲ್ಲಿ ಗೆದ್ದದ್ದು ಅಮೆರಿಕದ್ದಲ್ಲ, ಬೆಲ್ಜಿಯಂನ ಇಬ್ಬರು ಯುವಕರು ಮಾಡಿದ ರೈನ್‌ಡಾಲ್. ಅದೇ ಇವತ್ತಿನ ಎಇಎಸ್. ನಮ್ಮ ವಾಟ್ಸ್‌ಆ್ಯಪ್ ಸಂದೇಶದಲ್ಲೂ ಬ್ಯಾಂಕಿನ ಜಾಲತಾಣದಲ್ಲೂ ಕೆಲಸ ಮಾಡುತ್ತಿರುವುದು ಅದೇ. ಅಪ್ಪ ಕೇಳಿದ “ನೋಡಿದವರು ಯಾರು?” ಎಂಬುದಕ್ಕೆ ಉತ್ತರ ಇಲ್ಲಿದೆ: ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಜಗತ್ತಿನ ಬುದ್ಧಿವಂತರು ಅದರ ಹಲ್ಲು ಎಣಿಸುತ್ತಲೇ ಇದ್ದಾರೆ.

ಬಯಲಲ್ಲಿ ಪರೀಕ್ಷೆ ನಡೆದರೆ ಸೋಲೂ ಬಯಲಲ್ಲೇ ಆಗುತ್ತದೆ. ಕ್ವಾಂಟಮ್ ಕಂಪ್ಯೂಟರ್‌ಗೂ ಜಗ್ಗದ ಬೀಗ ಬೇಕೆಂದು ನಿಸ್ಟ್ 2016ರಲ್ಲಿ ಮತ್ತೊಂದು ಸ್ಪರ್ಧೆ ತೆರೆಯಿತು. ಸೈಕ್ ಎಂಬ ವಿನ್ಯಾಸ ಹಲವು ಸುತ್ತು ದಾಟಿ 2022ರ ಜುಲೈನಲ್ಲಿ ನಾಲ್ಕನೆಯ ಸುತ್ತಿಗೆ ಬಂತು. ಅದೇ ತಿಂಗಳ ಕೊನೆಗೆ ಬೆಲ್ಜಿಯಂನ ಇಬ್ಬರು ಸಂಶೋಧಕರು ಅದನ್ನು ಸಾಮಾನ್ಯ ಕಂಪ್ಯೂಟರಿನಲ್ಲೇ ಸುಮಾರು ಒಂದು ಗಂಟೆಯಲ್ಲಿ ಮುರಿದು ತೋರಿಸಿದರು. ಅದು ಗುಟ್ಟಾಗಿ ಮಾನದಂಡವಾಗಿದ್ದರೆ ಎಷ್ಟು ದೇಶಗಳ ಬ್ಯಾಂಕುಗಳು ಆ ಬೀಗದ ಹಿಂದೆ ನಿಶ್ಚಿಂತೆಯಿಂದ ಮಲಗಿರುತ್ತಿದ್ದವು ಯೋಚಿಸಿ. ಒರೆಗಲ್ಲಿನಲ್ಲಿ ಗೆದ್ದ ಮೂರು ಮಾನದಂಡಗಳು 2024ರ ಆಗಸ್ಟ್‌ನಲ್ಲಿ ಪ್ರಕಟವಾದವು.

ಬೀಗ ಬದಲಿಸುವ ಕಾಲ ಬಂದಿದೆ

ಹತ್ತು ವರ್ಷದ ಹಿಂದಿನ ಕರಡನ್ನು ಈಗ ಏಕೆ ನೆನೆಯಬೇಕು? ಬೀಗ ಬದಲಿಸುವ ಕಾಲ ನಮ್ಮ ದೇಶಕ್ಕೂ ಬಂದಿದೆ, ಅದಕ್ಕೆ. ಇವತ್ತು ಕದ್ದಿಟ್ಟುಕೊಂಡ ಮಾಹಿತಿಯನ್ನು ನಾಳೆ ಕ್ವಾಂಟಮ್ ಯಂತ್ರ ಬಂದಾಗ ಬಿಚ್ಚಬಹುದು. ಬ್ಯಾಂಕು, ಆಧಾರ್, ಭೂದಾಖಲೆ, ತೆರಿಗೆ, ಆಸ್ಪತ್ರೆ ಎಲ್ಲದರ ಬೀಗವನ್ನೂ ಮುಂದಿನ ವರ್ಷಗಳಲ್ಲಿ ಬದಲಿಸಬೇಕು. ಕೇಂದ್ರ ಸರ್ಕಾರ 2023ರಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ನಮ್ಮ ಪುಣೆಯ ಪಾಷಾಣ್‌ನಲ್ಲಿರುವ ಐಸರ್ ಸಂಸ್ಥೆಯಲ್ಲಿ ಕ್ವಾಂಟಮ್ ತಂತ್ರಜ್ಞಾನದ ಕೇಂದ್ರ ಇದೆ. ಬುದ್ಧಿಗೂ ದುಡ್ಡಿಗೂ ಕೊರತೆ ಇಲ್ಲ.

ಮಾನದಂಡದ ವಿಷಯದಲ್ಲಿ ಈ ಊರಿಗೂ ಕನ್ನಡಕ್ಕೂ ಹಳೆಯ ನಂಟಿದೆ. ಪರಮ್ ಸೂಪರ್ ಕಂಪ್ಯೂಟರ್ ಕಟ್ಟಿದ ಪುಣೆಯ ಸಿ-ಡ್ಯಾಕ್, ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನೂ ಮಾಡಿತು. ಆ ಲಿಪಿಗಳಿಗೆಂದು ರೂಪುಗೊಂಡ ಇಸ್ಕಿ ಸಂಕೇತವನ್ನು ಭಾರತೀಯ ಮಾನಕ ಬ್ಯೂರೊ 1991ರಲ್ಲಿ ಮಾನದಂಡವಾಗಿ ಒಪ್ಪಿತು. ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳು ಕುಳಿತಿರುವ ಕ್ರಮಕ್ಕೂ ಇಸ್ಕಿಯೇ ಬುನಾದಿ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದು ಮುದ್ರಿತ ಪಟ್ಟಿಯಾಗಿ ಎಲ್ಲರ ಕೈಯಲ್ಲಿತ್ತು. ತಪ್ಪಿದ್ದರೆ ಬೊಟ್ಟು ಮಾಡಿ ತೋರಿಸಬಹುದಿತ್ತು. ಬೀಗದ ಮಾನದಂಡಕ್ಕೂ ಅಷ್ಟೇ ಮರ್ಯಾದೆ ಸಾಕು.

ಪೊಲೀಸರ ಕಷ್ಟವೂ ನಿಜವೇ. ಸೈಬರ್ ವಂಚಕರೂ ಭಯೋತ್ಪಾದಕರೂ ಇದೇ ಬೀಗದ ಹಿಂದೆ ಅಡಗುತ್ತಾರೆ. ಅದಕ್ಕೆಂದೇ 2021ರ ಐಟಿ ನಿಯಮಗಳು, ದೊಡ್ಡ ಮೆಸೇಜಿಂಗ್ ಸಂಸ್ಥೆಗಳು ಸಂದೇಶವನ್ನು ಮೊದಲು ಕಳಿಸಿದವರನ್ನು ಗುರುತಿಸಿಕೊಡಬೇಕು ಎಂದಿವೆ. ಹಾಗೆ ಮಾಡಿದರೆ ಬೀಗವೇ ಸಡಿಲಾಗುತ್ತದೆ ಎಂದು ವಾಟ್ಸ್‌ಆ್ಯಪ್ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಯಾರ ವಾದ ಸರಿ ಎಂಬುದು ಬೇರೆ ಮಾತು. ಆದರೆ ಬೀಗದ ಬಲವನ್ನು ಮುಟ್ಟುವ ನಿಯಮ ಯಾವ ಬಾಗಿಲಿನಿಂದ ಬಂದರೂ ಅದರ ತಾಂತ್ರಿಕ ಕಾರಣ ಜನರೆದುರು ಇರಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಹಕ್ಕನ್ನು ಮೊಟಕು ಮಾಡಲು ಕಾನೂನು ಬೇಕು, ನ್ಯಾಯವಾದ ಉದ್ದೇಶ ಬೇಕು, ಅಗತ್ಯಕ್ಕೆ ಮೀರದ ಅಳತೆಯೂ ಬೇಕು. ಕಾರಣವನ್ನೇ ತೋರಿಸದಿದ್ದರೆ ಅಳತೆ ಹಾಕುವುದು ಹೇಗೆ?

ಇದಕ್ಕೆ ಹೊಸ ಕಾನೂನು ಏನೂ ಬೇಕಿಲ್ಲ. ಕೇಂದ್ರ ಸರ್ಕಾರದ 2014ರ ಶಾಸನಪೂರ್ವ ಸಮಾಲೋಚನಾ ನೀತಿಯಲ್ಲೇ ದಾರಿ ಇದೆ: ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಿ, ಅದು ಏಕೆ ಬೇಕು ಎಂದು ಬರೆಯಿರಿ, ಬಂದ ಅಭಿಪ್ರಾಯಗಳ ಸಾರಾಂಶವನ್ನೂ ಪ್ರಕಟಿಸಿ. ಎನ್‌ಕ್ರಿಪ್ಷನ್ ಮಾನದಂಡಕ್ಕೆ ಇನ್ನೆರಡು ಸೇರಿದರೆ ಸಾಕು. ಆರಿಸಿದವರು ಯಾರು ಎಂಬ ಹೆಸರು ಇರಲಿ. ಪ್ರತಿ ಅಲ್ಗಾರಿದಮ್, ಪ್ರತಿ ಅಂಕಿ ಎಲ್ಲಿಂದ ಬಂತು ಎಂಬ ವಿವರಣೆ ಇರಲಿ. ಸೈನ್ಯ ತನ್ನ ಗುಟ್ಟು ತಾನು ಇಟ್ಟುಕೊಳ್ಳಲಿ, ಯಾರೂ ಕೇಳುವುದಿಲ್ಲ. 2015ರ ಕರಡು ಕೂಡ ಅಂಥ ಸೂಕ್ಷ್ಮ ಇಲಾಖೆಗಳನ್ನು ಹೊರಗಿಟ್ಟಿತ್ತು. ನಾವು ಕೇಳುತ್ತಿರುವುದು ಜನಸಾಮಾನ್ಯರ ಮನೆಗೆ ಹಾಕುವ ಬೀಗದ ಬಗ್ಗೆ.

ಕಾಳಜಿಗೆ ಕಾರಣ ಇಲ್ಲದೆ ಇಲ್ಲ. ದೇಶದ ಸೈಬರ್ ಸುರಕ್ಷತೆಯ ಹೊಣೆ ಹೊತ್ತ ಸರ್ಟ್-ಇನ್ ಸಂಸ್ಥೆಯನ್ನು 2023ರ ನವೆಂಬರ್‌ನಲ್ಲಿ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಡಲಾಯಿತು. ಆದರೆ ಆಸೆಗೂ ಕಾರಣ ಇದೆ. 2020ರಲ್ಲಿ ಆರೋಗ್ಯ ಸೇತು ಆ್ಯಪ್ ಬಗ್ಗೆ ಪ್ರಶ್ನೆಗಳು ಎದ್ದಾಗ ಸರ್ಕಾರ ಎರಡೇ ತಿಂಗಳಲ್ಲಿ ಅದರ ಆಂಡ್ರಾಯ್ಡ್ ಕೋಡ್ ಬಹಿರಂಗಪಡಿಸಿತು, ತಪ್ಪು ಹುಡುಕಿದವರಿಗೆ ಬಹುಮಾನವನ್ನೂ ಘೋಷಿಸಿತು. ಮನಸ್ಸಿದ್ದರೆ ಮಾರ್ಗ.

ದೀಪಾವಳಿ ಮುಗಿಸಿ ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಅಪ್ಪನಿಗೆ ಇದನ್ನೆಲ್ಲ ಚುಟುಕಾಗಿ ಹೇಳಿದೆ. ಎತ್ತಿನ ಹಲ್ಲು, ಟವೆಲ್ ಕೆಳಗಿನ ಬೆರಳು ಎಂದ ಕೂಡಲೇ ಅವರಿಗೆ ಅರ್ಥವಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

“ಎತ್ತಿನ ಮ್ಯಾಲೂ ಟವೆಲ್ ಹೊಚ್ಚಿ ಮಾರಾಕ ಬಂದ್ರ ನಾ ಅಂತೂ ತಗೊಳ್ಳಾಂವಲ್ಲ ನೋಡು.”

ಬಸ್ಸು ಸೊಲ್ಲಾಪುರದ ಕಡೆ ಹೊರಟಿತು. ಹತ್ತು ನಿಮಿಷಕ್ಕೆ ಅಪ್ಪನ ಮೊದಲ ವಾಟ್ಸ್‌ಆ್ಯಪ್ ಸಂದೇಶ ಬಂತು, ಎರಡೇ ಪದ: ಮುಟ್ಟಿದಮ್ಯಾಲ ತಿಳಿಸು.